ಕುಮಾರಕೃಪಾದಿಂದ ತಾತಗುಣಿವರೆಗೆ

ಜನವರಿಯ ಚಿತ್ರಸಂತೆ ದಿನ ಬೆಂಗಳೂರಿನ ಕುಮಾರಕೃಪಾ ರಸ್ತೆಯಲ್ಲಿ ಕಾಲಿಡಲೂ ಜಾಗ ಇರುವುದಿಲ್ಲ. ಚಿತ್ರಕಲಾ ಪರಿಷತ್ತನ್ನು ಸಮಾಧಾನವಾಗಿ ನೋಡಬೇಕೆಂದರೆ ಮಾಮೂಲಿ ದಿನವೇ ಹೋಗಬೇಕು. ತೊಗಲುಗೊಂಬೆಗಳ ಸಂಗ್ರಹವೂ ಅಲ್ಲಿದೆ. ಆದರೆ ನಾನೂ ಅಕ್ಕನ ಮಗಳೂ ಹೋಗಿದ್ದು ರೋರಿಕ್ ಚಿತ್ರಗಳಿಗಾಗಿ. ಅವಳು ಚಿತ್ರಕಲೆ ಓದುತ್ತಿದ್ದಾಳೆ, ನಾನು ಸುಮ್ನೆ ನೋಡುವವಳು.

ಅಪ್ಪ ನಿಕೊಲಾಯ್ ರೋರಿಕ್, ಮಗ ಸ್ವೆತೋಸ್ಲಾವ್ ರೋರಿಕ್, ರಷ್ಯಾ ಮೂಲದ ಈ ಇಬ್ಬರು ಕಲಾವಿದರ ಚಿತ್ರಗಳೂ ಇಲ್ಲಿವೆ. ಅಪ್ಪನದು ಹಿಮಾಲಯದ ಧ್ಯಾನ. ನೀಲಿ ಬೆಟ್ಟ, ಅದರ ಹಿಂದೆ ಇನ್ನೊಂದು ನೀಲಿ ಬೆಟ್ಟ. ಚೆಂದವೇ, ಆದರೆ ನನಗೆ ಸ್ವಲ್ಪ ಚಳಿಯಾಗುತ್ತದೆ. ಮಗನ ಚಿತ್ರಗಳ ಮುಂದೆ ಬಂದರೆ ಬಿಸಿಲು. ಕೆಂಪು, ಕಿತ್ತಳೆ, ಕಾದ ಹಳದಿ, ಅದರ ನಡುವೆ ಜನ. "ಚಿಕ್ಕಮ್ಮಾ, ಹತ್ತಿರ ಬಂದು ನೋಡಿ. ನೆರಳಿಗೆ ಕಪ್ಪು ಹಚ್ಚಿಲ್ಲ, ನೇರಳೆ" ಅಂದಳು. ನಿಜ. ಏಪ್ರಿಲ್ ತಿಂಗಳ ಮಧ್ಯಾಹ್ನ ಕನಕಪುರದ ಕಡೆ ಹೊಲದಲ್ಲಿ ನಿಂತವರಿಗೆ ಆ ಬಣ್ಣ ಗೊತ್ತು.

ಸ್ವೆತೋಸ್ಲಾವ್ ಹುಟ್ಟಿದ್ದು 1904ರಲ್ಲಿ, ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ. ರಷ್ಯಾದ ಕ್ರಾಂತಿಯ ಹೊತ್ತಿಗೆ ಈ ಕುಟುಂಬ ಫಿನ್ಲೆಂಡ್ ಕಡೆ ಇತ್ತು. 1918ರಲ್ಲಿ ಗಡಿ ಮುಚ್ಚಿತು, ಊರು ಆಚೆಯೇ ಉಳಿಯಿತು. ಆಮೇಲೆ ಲಂಡನ್, ಅಮೆರಿಕ, ಕೊನೆಗೆ ಕುಲು ಕಣಿವೆಯ ನಗ್ಗರ್. ಅಪ್ಪ 1947ರಲ್ಲಿ ಅಲ್ಲೇ ತೀರಿಕೊಂಡರು. ಅಣ್ಣ ಯೂರಿ 1957ರಲ್ಲಿ ಮಾಸ್ಕೋಗೆ ವಾಪಸ್ ಹೋದರು. ತಮ್ಮ ಹೋಗಲಿಲ್ಲ. 1960ರಲ್ಲಿ ಮಾಸ್ಕೋ, ಲೆನಿನ್‌ಗ್ರಾಡ್‌ಗಳಲ್ಲಿ ಇವರ ಚಿತ್ರಗಳ ಪ್ರದರ್ಶನವೇ ನಡೆಯಿತು. ಬಾಗಿಲು ತೆರೆದಿತ್ತು ಅಂತಲೇ ಲೆಕ್ಕ, ಅಲ್ವಾ? ಆದರೂ ಬೆಂಗಳೂರಲ್ಲೇ ಉಳಿದರು, 1993ರಲ್ಲಿ ಇಲ್ಲೇ ಕಣ್ಣುಮುಚ್ಚಿದರು. ಇವರನ್ನು ದೇಶ ಬಿಟ್ಟ ಕಲಾವಿದ ಅಂತ ಮರುಗುವವರು ಈ ಕೆಂಪು ಚಿತ್ರಗಳನ್ನು ಒಮ್ಮೆ ನೋಡಬೇಕು. ಮರುಕಕ್ಕೆ ಅಲ್ಲಿ ಜಾಗ ಕಮ್ಮಿ.

ಸಂಪಿಗೆ ರಸ್ತೆಯಲ್ಲಿ ಹಸಿರು ಮಾರ್ಗದ ಮೆಟ್ರೋ ಹತ್ತಿ ಕೊನೆಯ ನಿಲ್ದಾಣ ರೇಷ್ಮೆ ಸಂಸ್ಥೆಯಲ್ಲಿ ಇಳಿದೆವು. ಅಲ್ಲಿಂದ ಮುಂದೆ ಕನಕಪುರ ರಸ್ತೆಯಲ್ಲೇ ತಾತಗುಣಿ. ಸ್ವೆತೋಸ್ಲಾವ್ ರೋರಿಕ್ ಮತ್ತು ಅವರ ಹೆಂಡತಿ, ಹಿಂದಿ ಚಿತ್ರನಟಿ ದೇವಿಕಾ ರಾಣಿ ಬಾಳಿದ ಎಸ್ಟೇಟ್ ಇದು, ಸುಮಾರು 468 ಎಕರೆ. ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಪಡೆದ ಮೊದಲಿಗರೇ ಈ ದೇವಿಕಾ ರಾಣಿ. ಇಬ್ಬರೂ ಸೇರಿ ಇಲ್ಲಿ ಲಿನಾಲೋ ಮರ ಬೆಳೆಸಿದರು. ಮೆಕ್ಸಿಕೋ ಮೂಲದ ಮರ. ಅದರ ಕಾಯಿಯ ಸಿಪ್ಪೆಯಿಂದ ತೆಗೆಯುವ ಎಣ್ಣೆ ಸೆಂಟಿಗೆ ಬೇಕು.

ನಾವು ಹೊರಗಿಂದಲೇ ನೋಡಿದೆವು. ಇಬ್ಬರ ಸಮಾಧಿಯೂ ಒಳಗಿದೆ. ಮಕ್ಕಳಿರಲಿಲ್ಲ. 1994ರಲ್ಲಿ ದೇವಿಕಾ ರಾಣಿಯೂ ಹೋದ ಮೇಲೆ ಆಸ್ತಿಗೆ ಕಿತ್ತಾಟ ಜೋರಾಯಿತು. ಸರ್ಕಾರ 1996ರಲ್ಲಿ ಕಾನೂನು ಮಾಡಿ ವಶಕ್ಕೆ ತೆಗೆದುಕೊಂಡಿತು. ಅದು ಸರಿ ಎಂದು ಸುಪ್ರೀಂ ಕೋರ್ಟ್ ಹೇಳುವಷ್ಟರಲ್ಲಿ 2011 ಬಂದಿತ್ತು.

ಇಲ್ಲಿ ಮ್ಯೂಸಿಯಂ ಮಾಡುವ ಮಾತಿದೆ. ಮಾಡಲಿ, ಬೇಡ ಅನ್ನುವವರಾರು? ಅದರ ಜೊತೆಗೆ ನಾಲ್ಕು ಕೋಣೆ ಕಟ್ಟಿ, ಊರು ಬಿಟ್ಟು ಬಂದ ಕಲಾವಿದರನ್ನು ಆರು ತಿಂಗಳು ಇಲ್ಲೇ ಇರಿಸಿಕೊಂಡರೆ ಈ ಜಾಗಕ್ಕೆ ಇನ್ನೂ ಒಪ್ಪುತ್ತದೆ. ಇದನ್ನೇ ಹೇಳಿದೆ. ಅಕ್ಕನ ಮಗಳು ನಕ್ಕಳು. "ಊರಲ್ಲೇ ಇರೋರಿಗೂ ಒಂದು ಕೋಣೆ ಇಡಕ್ಕೆ ಹೇಳಿ ಚಿಕ್ಕಮ್ಮಾ. ನಮ್ಮ ಪಿಜಿಯಲ್ಲಿ ಕ್ಯಾನ್ವಾಸ್ ನಿಲ್ಲಿಸೋಕೂ ಜಾಗ ಇಲ್ಲ."