ಬ್ಯಾಂಕಾಕ್‌ಗೆ ಮೂರು ದಿನ ಸಾಕಾ?

ಮೊದಲ ಸಲ ಬ್ಯಾಂಕಾಕ್‌ಗೆ ಹೊರಟವರು ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ: "ಮೂರು ದಿನ ರಜೆ ಇದೆ. ಅಷ್ಟರಲ್ಲಿ ಊರು ನೋಡೋಕಾಗುತ್ತಾ? ಜೊತೆಗೆ ಪಟ್ಟಾಯಾನೂ ಸೇರಿಸಿಕೊಳ್ಳಬಹುದಾ?"

ಮೂರು ದಿನ ಸಾಕು. ಪಟ್ಟಾಯ ಈ ಸಲ ಬೇಡ. ಆ ಕಡಲತೀರದ ಊರು ಬ್ಯಾಂಕಾಕ್‌ನಿಂದ ಸುಮಾರು 150 ಕಿ.ಮೀ. ದೂರದಲ್ಲಿದೆ. ಎರಡು, ಎರಡೂವರೆ ಗಂಟೆಯ ದಾರಿ ಎಂದು ಕೇಳಲು ಸಲೀಸು. ಆದರೆ ಇಲ್ಲಿ ರೂಮ್ ಖಾಲಿ ಮಾಡಿ, ಗಾಡಿ ಹಿಡಿದು, ಅಲ್ಲಿ ಮಧ್ಯಾಹ್ನ ಎರಡು ಗಂಟೆಗೆ ಇನ್ನೊಂದು ರೂಮ್ ಸಿಗುವಷ್ಟರಲ್ಲಿ ಆ ದಿನದ ಒಳ್ಳೆಯ ಹೊತ್ತೆಲ್ಲ ಕಳೆದಿರುತ್ತದೆ. ವಾಪಸ್ ಬರುವಾಗ ಮತ್ತೆ ಅದೇ ಕಥೆ. ಮೂರು ದಿನದಲ್ಲಿ ಎರಡು ಊರು ಅಂದರೆ ಎರಡೂ ಅರೆಬರೆ.

ಈ ಊರಿನಲ್ಲಿ ದೂರವನ್ನು ಕಿಲೋಮೀಟರಿನಲ್ಲಿ ಅಳೆದರೆ ಲೆಕ್ಕ ತಪ್ಪುತ್ತದೆ. ಸಂಜೆ ಐದರ ಮೇಲೆ ಸುಖುಮ್ವಿತ್ ರಸ್ತೆಯ ಟ್ಯಾಕ್ಸಿಯಲ್ಲಿ ಕೂತರೆ ಸಿಲ್ಕ್ ಬೋರ್ಡ್ ನೆನಪಾಗುತ್ತದೆ. ಹಾಗಾಗಿ ರೈಲು ಮತ್ತು ದೋಣಿಯನ್ನೇ ನಂಬಿ ಯೋಜನೆ ಹಾಕಬೇಕು, ಹೋಟೆಲ್ ಕೂಡ ಅದಕ್ಕೆ ತಕ್ಕಂತೆ ಆರಿಸಬೇಕು. ಬಿಟಿಎಸ್ ಎಂಬ ಮೇಲ್ಸೇತುವೆ ರೈಲು ಇಲ್ಲವೇ ಎಂಆರ್‌ಟಿ ಎಂಬ ಮೆಟ್ರೋ ನಿಲ್ದಾಣದಿಂದ ಐದು ನಿಮಿಷ ನಡಿಗೆಯೊಳಗೆ ಹೋಟೆಲ್ ಇರಲಿ. ಮೊದಲ ಸಲ ಹೋಗುವವರಿಗೆ ನಾನು ಹೇಳುವ ಜಾಗ ಅಸೋಕ್, ಏಕೆಂದರೆ ಅಲ್ಲಿ ಎರಡೂ ರೈಲು ಸೇರುತ್ತವೆ. ಮೆಟ್ರೋ ನಿಲ್ದಾಣಕ್ಕೆ ಮಾತ್ರ ಸುಖುಮ್ವಿತ್ ಎಂದು ಹೆಸರು. ಖಾವೋಸಾನ್ ರಸ್ತೆಯಲ್ಲಿ ರೂಮ್ ಅಗ್ಗ, ಆದರೆ ಹತ್ತಿರ ರೈಲಿಲ್ಲ. ಬುಕ್ ಮಾಡುವಾಗ ನಕ್ಷೆಯಲ್ಲಿ 'ಸೋಯ್' ನೋಡಿಕೊಳ್ಳಿ. ಸೋಯ್ ಅಂದರೆ ಗಲ್ಲಿ. ಕೆಲವು ಸೋಯ್‌ಗಳು ಒಂದು ಕಿಲೋಮೀಟರಿಗೂ ಉದ್ದ. ಮುಖ್ಯರಸ್ತೆಯ ಹೆಸರು ನೋಡಿ ಬುಕ್ ಮಾಡಿದವರು ಸೂಟ್‌ಕೇಸ್ ಎಳೆದುಕೊಂಡು ಬಿಸಿಲಲ್ಲಿ ಅಷ್ಟು ದೂರ ನಡೆಯುತ್ತಾರೆ.

ಹೊರಡುವ ಮುಂಚೆ ಮಾಡಬೇಕಾದ ಕೆಲಸ ಸ್ವಲ್ಪವೇ. ವೀಸಾ ನಿಯಮ ಆಗಾಗ ಬದಲಾಗುತ್ತದೆ. ಟಿಕೆಟ್ ತೆಗೆಯುವ ದಿನವೇ ಥಾಯ್ ರಾಯಭಾರ ಕಚೇರಿಯ ಪುಟ ನೋಡಿ. 2025ರ ಮೇ 1ರಿಂದ ಡಿಜಿಟಲ್ ಅರೈವಲ್ ಕಾರ್ಡ್ ಕಡ್ಡಾಯವಾಗಿದೆ. ಥಾಯ್ಲೆಂಡ್ ತಲುಪುವ ಮುಂಚಿನ ಮೂರು ದಿನಗಳೊಳಗೆ ಅದನ್ನು ಆನ್‌ಲೈನ್‌ನಲ್ಲಿ ತುಂಬಬೇಕು. ಅದಕ್ಕೆ ದುಡ್ಡಿಲ್ಲ, ದುಡ್ಡು ಕೇಳುವ ಪುಟ ಸಿಕ್ಕರೆ ಅದು ಸರ್ಕಾರದ್ದಲ್ಲ. ಬ್ಯಾಂಕ್ ಆ್ಯಪ್‌ನಲ್ಲಿ ವಿದೇಶಿ ವಹಿವಾಟನ್ನೂ, ತಾಗಿಸಿ ಪಾವತಿಸುವ ಸೌಲಭ್ಯವನ್ನೂ ಆನ್ ಮಾಡಿಡಿ. ಎಂಆರ್‌ಟಿ ಗೇಟಿನಲ್ಲಿ ವೀಸಾ ಅಥವಾ ಮಾಸ್ಟರ್‌ಕಾರ್ಡ್ ಕಂಪನಿಯ ಬ್ಯಾಂಕ್ ಕಾರ್ಡ್ ತಾಗಿಸಿದರೆ ಸಾಕು, ಟಿಕೆಟ್ ಬೇಡ. ಬಿಟಿಎಸ್ ಬೇರೆ ಕಂಪನಿಯದ್ದು, ಅದಕ್ಕೆ ಪ್ರತ್ಯೇಕ ಟಿಕೆಟ್. ಎಟಿಎಂನಲ್ಲಿ ವಿದೇಶಿ ಕಾರ್ಡಿಗೆ ಪ್ರತಿ ಸಲ 220 ಬಾತ್ (ಥಾಯ್ ಹಣ) ಅಥವಾ ಅದಕ್ಕಿಂತ ಹೆಚ್ಚು ಶುಲ್ಕ ಹಿಡಿಯುತ್ತಾರೆ, ಆದ್ದರಿಂದ ತೆಗೆಯುವುದಾದರೆ ಒಂದೇ ಸಲ ತೆಗೆಯಿರಿ. ರೂಪಾಯಿಗೆ ಪರಿವರ್ತಿಸಲೇ ಎಂದು ಪರದೆ ಕೇಳಿದರೆ ಬೇಡ ಅನ್ನಿ, ಆ ದರ ಯಾವಾಗಲೂ ದುಬಾರಿ. ಮನಸ್ಸಿನ ಲೆಕ್ಕಕ್ಕೆ ಒಂದು ಬಾತ್ ಅಂದರೆ ಮೂರು ರೂಪಾಯಿ ಎಂದಿಟ್ಟುಕೊಂಡರೆ ಖರ್ಚು ಕೈಮೀರುವುದಿಲ್ಲ.

ರಾತ್ರಿ ವಿಮಾನದಲ್ಲಿ ಹೊರಟವರು ಬೆಳಗಿನ ಜಾವ ಸುವರ್ಣಭೂಮಿ ವಿಮಾನ ನಿಲ್ದಾಣದಲ್ಲಿ ಇಳಿಯುತ್ತಾರೆ. ಗಡಿಯಾರ ಒಂದೂವರೆ ಗಂಟೆ ಮುಂದೆ ಹೋಗಿರುತ್ತದೆ, ನಿದ್ದೆ ಆಗಿರುವುದಿಲ್ಲ. ವಿಮಾನ ನಿಲ್ದಾಣದ ತಳ ಅಂತಸ್ತಿಗೆ ಇಳಿದರೆ ಏರ್‌ಪೋರ್ಟ್ ರೈಲು. ಹಣ ಬದಲಿಸುವ ಒಳ್ಳೆಯ ದರದ ಕೌಂಟರ್‌ಗಳೂ ಅಲ್ಲೇ ಇವೆ. ಮಕ್ಕಸಾನ್‌ನಲ್ಲಿ ಇಳಿದು, ಪಕ್ಕದ ಪೆಟ್ಚಬುರಿ ನಿಲ್ದಾಣದಿಂದ ಎಂಆರ್‌ಟಿಯಲ್ಲಿ ಒಂದೇ ಸ್ಟಾಪ್ ಹೋದರೆ ಅಸೋಕ್. ಮನೆಮಂದಿ, ಸಾಮಾನು ಜಾಸ್ತಿ ಇದ್ದರೆ ಮೀಟರ್ ಟ್ಯಾಕ್ಸಿ ಸರಿ. ಮೀಟರಿನ ಮೇಲೆ 50 ಬಾತ್ ವಿಮಾನ ನಿಲ್ದಾಣದ ಶುಲ್ಕ, ಟೋಲ್ ನಿಮ್ಮದೇ. ಸಾಮಾನನ್ನು ಹೋಟೆಲ್ ಕೌಂಟರಿನಲ್ಲಿಟ್ಟು ಆ ದಿನ ಸುಮ್ಮನೆ ಹತ್ತಿರದಲ್ಲೇ ಓಡಾಡಿ, ರೂಮ್ ಸಿಕ್ಕ ಕೂಡಲೇ ಮಲಗಿ. ಇಳಿದ ದಿನವೇ ಗ್ರ್ಯಾಂಡ್ ಪ್ಯಾಲೇಸ್ ಎಂಬ ಅರಮನೆಗೆ ಓಡುವವರು ಹನ್ನೊಂದು ಗಂಟೆಯ ಬಿಸಿಲಿಗೆ ತಲೆಸುತ್ತು ಬಂದು ಕೂರುತ್ತಾರೆ.

ಎರಡನೆಯ ದಿನವೇ ಈ ಪ್ರವಾಸದ ತಿರುಳು. ಸುಖುಮ್ವಿತ್ ನಿಲ್ದಾಣದಿಂದ ಎಂಆರ್‌ಟಿ ನೇರವಾಗಿ ಸನಾಮ್ ಚಾಯ್‌ಗೆ ಹೋಗುತ್ತದೆ. ಅಲ್ಲಿಂದ ಗ್ರ್ಯಾಂಡ್ ಪ್ಯಾಲೇಸ್ ಬಾಗಿಲಿಗೆ ಹದಿನೈದು, ಇಪ್ಪತ್ತು ನಿಮಿಷ ನಡಿಗೆ. ಬಾಗಿಲು ತೆರೆಯುವುದು 8.30ಕ್ಕೆ, ನೀವು ಆಗಲೇ ಅಲ್ಲಿರಬೇಕು. ಟಿಕೆಟ್ 500 ಬಾತ್, ಮಧ್ಯಾಹ್ನ 3.30ಕ್ಕೆ ಮಾರಾಟ ಬಂದ್. ಭುಜ, ಮೊಣಕಾಲು ಮುಚ್ಚಿರಲೇಬೇಕು. ಹೊರಗೆ ಯಾರಾದರೂ ಬಂದು ಬಹಳ ಸಭ್ಯವಾಗಿ "ಇವತ್ತು ಅರಮನೆ ಮುಚ್ಚಿದೆ, ಬೇರೆ ದೇವಸ್ಥಾನ ತೋರಿಸುತ್ತೇನೆ" ಎಂದರೆ ನಿಲ್ಲಬೇಡಿ. ಅವರು ಹತ್ತಿಸುವ ಟುಕ್‌ಟುಕ್ ಆಟೋ ಕೊನೆಗೆ ನಿಲ್ಲುವುದು ರತ್ನದ ಅಂಗಡಿಯ ಮುಂದೆ. ರಾಜಮನೆತನದ ಕಾರ್ಯಕ್ರಮವಿದ್ದರೆ ಕೆಲವೊಮ್ಮೆ ನಿಜಕ್ಕೂ ಮುಚ್ಚಿರುತ್ತಾರೆ. ಅದನ್ನು ಹಿಂದಿನ ರಾತ್ರಿ ಅರಮನೆಯ ಅಧಿಕೃತ ಪುಟದಲ್ಲಿ ನೋಡಿಕೊಳ್ಳಿ.

ಒಳಗಿನ ದೇವಸ್ಥಾನದಲ್ಲಿ ಹೆಚ್ಚಿನವರು ಪಚ್ಚೆ ಬುದ್ಧನ ವಿಗ್ರಹ ನೋಡಿ, ಫೋಟೋ ತೆಗೆದು ಹೊರಟುಬಿಡುತ್ತಾರೆ. ನಮ್ಮವರು ಹಾಗೆ ಮಾಡಬಾರದು. ಸುತ್ತಿನ ಪ್ರಾಕಾರದ ಗೋಡೆಯ ಮೇಲೆ 178 ಚಿತ್ರಗಳಲ್ಲಿ ಇಡೀ ರಾಮಾಯಣವಿದೆ, ಥಾಯ್ ಜನರ 'ರಾಮಕಿಯೆನ್'. ಜನಕನಿಗೆ ಸೀತೆ ಸಿಗುವಲ್ಲಿ ಕಥೆ ಶುರು. ಪ್ರದಕ್ಷಿಣೆ ಹಾಕುವಂತೆ ನಡೆದರೆ ಕಥೆ ಕ್ರಮವಾಗಿ ಬಿಚ್ಚುತ್ತಾ ಹೋಗುತ್ತದೆ. ಹನುಮಂತ ಇಲ್ಲಿ ಬಿಳಿಯ ಬಣ್ಣದವನು, ಬ್ರಹ್ಮಚಾರಿಯೂ ಅಲ್ಲ. ಗೈಡ್ ಇಲ್ಲದೆ ಗುರುತು ಹಿಡಿಯಬಲ್ಲವರು ನಾವು. ಒಂದು ಗಂಟೆ ಇದಕ್ಕೇ ಇಡಿ.

ಅಲ್ಲಿಂದ ವಾಟ್ ಫೋ (ವಾಟ್ ಅಂದರೆ ದೇವಸ್ಥಾನ), 46 ಮೀಟರ್ ಉದ್ದದ ಮಲಗಿದ ಬುದ್ಧ. ಆಮೇಲೆ ತಾ ತಿಯೆನ್ ಕಟ್ಟೆಗೆ ಬಂದರೆ ಐದು ಬಾತ್ ಆಸುಪಾಸಿನಲ್ಲಿ ದೋಣಿ ನದಿ ದಾಟಿಸಿ ವಾಟ್ ಅರುಣ್‌ಗೆ ಬಿಡುತ್ತದೆ. ಅರುಣ್ ಅಂದರೆ ನಮ್ಮ ಅರುಣನೇ. ಹಿಂತಿರುಗಲು ಕಿತ್ತಳೆ ಬಾವುಟದ ದೋಣಿ ಹಿಡಿದು ಸಾಥೋರ್ನ್ ಕಟ್ಟೆಯಲ್ಲಿ ಇಳಿಯಿರಿ, ಅಲ್ಲೇ ಬಿಟಿಎಸ್ ಇದೆ. ನೀಲಿ ಬಾವುಟದ್ದು ಪ್ರವಾಸಿಗರ ದೋಣಿ, ಅದಕ್ಕಿಂತ ದುಬಾರಿ. ಕತ್ತಲಾದ ಮೇಲೆ ಕಿತ್ತಳೆ ದೋಣಿ ಸಿಗುವುದಿಲ್ಲ.

ಮೂರನೆಯ ದಿನ ಶನಿವಾರ ಅಥವಾ ಭಾನುವಾರವಾದರೆ ಚಾಟುಚಕ್ ಸಂತೆ, ಬಿಟಿಎಸ್‌ನ ಮೋ ಚಿಟ್ ನಿಲ್ದಾಣ. ಬೇರೆ ದಿನವಾದರೆ ಸೆನ್ ಸೆಪ್ ಕಾಲುವೆಯ ದೋಣಿಯಲ್ಲಿ ಹಳೆಯ ಊರಿನ ಕಡೆಗೆ ಹೋಗಿ, ಗೋಲ್ಡನ್ ಮೌಂಟ್ ಎಂಬ ಗುಡ್ಡದ ಮೇಲಿನ ದೇವಸ್ಥಾನ ಹತ್ತಿ. ಕಾಲುವೆಯ ನೀರು ಎರಚುತ್ತದೆ, ಬದಿಯಲ್ಲಿ ಕೂರಬೇಡಿ.

ಸಸ್ಯಾಹಾರಿಗಳಿಗೆ ಒಂದು ಮಾತು. ತರಕಾರಿ ಊಟ ಎಂದು ಕೇಳಿದರೆ ತರಕಾರಿಯೇ ಬರುತ್ತದೆ, ಮೀನಿನ ಸಾಸ್ ಹಾಕಿ. ಮಾಂಸದ ತುಂಡು ಇಲ್ಲದಿದ್ದರೆ ಅಲ್ಲಿಯವರಿಗೆ ಅದು ಸಸ್ಯಾಹಾರವೇ. "ಕಿನ್ ಜೇ" ಎಂದು ಹೇಳಿ. ಅದು ಮಾಂಸ, ಮೀನು, ಮೊಟ್ಟೆ, ಹಾಲು, ಬೆಳ್ಳುಳ್ಳಿ ಯಾವುದೂ ಇಲ್ಲದ ಅಡುಗೆ. ಹಳದಿ ಬೋರ್ಡಿನ ಮೇಲೆ ಕೆಂಪಕ್ಷರ ಅದರ ಗುರುತು. ಮೊಟ್ಟೆ, ಹಾಲು ಪರವಾಗಿಲ್ಲ ಎನ್ನುವವರಿಗೆ "ಮಂಗ್ಸವಿರತ್" ಎಂಬ ಪದವಿದೆ. ಮಾಂಸ, ವಿರತಿ ಎಂದು ಬಿಡಿಸಿಕೊಂಡರೆ ಮರೆಯುವುದಿಲ್ಲ. ಅದರ ಜೊತೆ "ಮಾಯ್ ಸಾಯ್ ನಾಮ್ ಪ್ಲಾ" ಎಂದೂ ಸೇರಿಸಿ, ಮೀನಿನ ಸಾಸ್ ಹಾಕಬೇಡಿ ಎಂದರ್ಥ. ಅನ್ನ, ಸಾರು ಬೇಕೇಬೇಕು ಎನ್ನುವ ಹಿರಿಯರು ಜೊತೆಗಿದ್ದರೆ ಸಿಲೋಮ್ ರಸ್ತೆಯ ಮಾರಿಯಮ್ಮನ ಗುಡಿಯ ಸುತ್ತಮುತ್ತ ಅಥವಾ ಪಾಹುರತ್ ಬೀದಿಯಲ್ಲಿ ಭಾರತೀಯ ಹೋಟೆಲ್‌ಗಳಿವೆ.