ಬಿಪಿ ನೋಡಿಸಲು ಹೋಗಿದ್ವಿ

ಗರ್ಭಕೋಶದ ಬಾಯಿಯ ಕ್ಯಾನ್ಸರ್ ತಪಾಸಣೆ ಇದೆ, ಮೂವತ್ತು ದಾಟಿದವರೆಲ್ಲ ಬನ್ನಿ ಅಂತ ಆಶಾ ಅಕ್ಕ ಮನೆಮನೆಗೆ ಹೇಳಿ ಹೋಗಿದ್ದರು. ನಮ್ಮ ಬೀದಿಯಲ್ಲಿ ಯಾರೂ ಮೇಲೇಳಲಿಲ್ಲ. "ಮುಟ್ಟು ನಿಂತು ಎಷ್ಟು ವರ್ಷ ಆಯ್ತು, ನನಗ್ಯಾಕೆ?" ಅಂದರು ನಮ್ಮತ್ತೆ. ಪಕ್ಕದ ಮನೆಯವರ ಪ್ರಕಾರ ಗರ್ಭಕೋಶ ತೆಗೆಸಿಬಿಟ್ಟರೆ ಯಾವ ಗೋಜೂ ಇಲ್ಲ. ಪರೀಕ್ಷೆಗೆ ಹೆದರುವವರು ಆಪರೇಷನ್ನಿಗೆ ರೆಡಿ!

ಗಂಟುಬಿದ್ದು ಅತ್ತೆಯನ್ನು ಹೊರಡಿಸಿದೆ, ನಾನೂ ಮಾಡಿಸ್ಕೋತೀನಿ ಅಂತ. ಆರೋಗ್ಯ ಕೇಂದ್ರದ ಆ ಕೋಣೆಗೆ ಚಿಲಕ ಇಲ್ಲ, ಪರದೆ ಒಂದು ಕಡೆ ಗೇಣಗಲ ತೆರೆದೇ ಇರುತ್ತೆ, ಹೊರಗೆ ಬಿಪಿ, ಶುಗರ್ ನೋಡಿಸಲು ಬಂದ ಗಂಡಸರ ಸಾಲು. ಅತ್ತೆ ಅಲ್ಲೇ ವಾಪಸ್ ತಿರುಗಿದರು. ಸಿಸ್ಟರ್ ತಮ್ಮ ಸೆರಗಿನ ಪಿನ್ನು ತೆಗೆದು ಪರದೆ ಸೇರಿಸಿ ಚುಚ್ಚಿದರು, ನಾನು ಬಾಗಿಲಿಗೆ ಬೆನ್ನು ಕೊಟ್ಟು ನಿಂತೆ.

"ಕ್ಯಾನ್ಸರ್ ಆಗೋಕೆ ಎಷ್ಟೋ ವರ್ಷ ಮುಂಚೇನೇ ಒಳಗೆ ಬದಲಾವಣೆ ಶುರುವಾಗುತ್ತೆ ಅಮ್ಮ, ಅದನ್ನ ನೋಡ್ತೀನಿ ಅಷ್ಟೇ. ವಿನಿಗರ್ ಥರದ್ದು ಹಚ್ಚಿ ಒಂದು ನಿಮಿಷ ಬಿಡ್ತೀನಿ. ಬೆಳ್ಳಗಾದ್ರೆ ದೊಡ್ಡಾಸ್ಪತ್ರೆಗೆ ಬರೆದುಕೊಡ್ತೀನಿ. ಬೆಳ್ಳಗಾಗಿದ್ದೆಲ್ಲ ಕ್ಯಾನ್ಸರ್ ಅಲ್ಲ." ಇಷ್ಟನ್ನು ಮೊದಲೇ ಯಾರಾದ್ರೂ ಹೇಳಿದ್ರೆ ಏನಾಗ್ತಿತ್ತು?

ಯಾಕೆ ಬರುತ್ತೆ ಅಂತ ಅತ್ತೆ ಕೇಳಿದರು. ಎಚ್‌ಪಿವಿ ಅನ್ನೋ ವೈರಸ್ಸು, ಗಂಡ ಹೆಂಡತಿ ಕೂಡೋದ್ರಿಂದ ಬರುತ್ತೆ, ಸುಮಾರು ಜನಕ್ಕೆ ಬಂದು ತಾನಾಗೇ ಹೋಗುತ್ತೆ, ಹೋಗದೆ ಉಳಿದರೆ ಮಾತ್ರ ತೊಂದರೆ ಅಂದರು ಸಿಸ್ಟರ್. ಅತ್ತೆ ಮುಖ ಬಿಗಿಯಾಯ್ತು. ನನಗನಿಸೋದು, ನೋವಿಗಿಂತ ಈ ಮಾತಿಗೇ ನಮ್ಮವರು ಜಾಸ್ತಿ ಹೆದರೋದು. ಪರೀಕ್ಷೆಗೆ ಹೋದಳು ಅಂದ್ರೆ ಏನೋ ಇರಬೇಕು ಅಂತ ಆಡಿಕೊಳ್ಳೋರು ಊರಲ್ಲಿ ಕಮ್ಮಿ ಇಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ದೇಶದಲ್ಲಿ 30ರಿಂದ 49 ವಯಸ್ಸಿನ ಹೆಂಗಸರ ಪೈಕಿ ಒಮ್ಮೆಯಾದರೂ ಈ ತಪಾಸಣೆ ಮಾಡಿಸಿಕೊಂಡವರು ನೂರಕ್ಕೆ ಇಬ್ಬರೂ ಇಲ್ಲ. ಹೆಂಗಸರಿಗೆ ತಿಳಿವಳಿಕೆ ಇಲ್ಲ ಅಂತ ಹೇಳೋದು ಸುಲಭ. ಆ ಪರದೆ ನೋಡಿದ ಮೇಲೆ ನನಗಂತೂ ಹಾಗನ್ನೋಕೆ ಬಾಯಿ ಬರಲ್ಲ.

ನನ್ನದು ಸರಿ ಇತ್ತು, ಐದು ವರ್ಷ ಬಿಟ್ಟು ಬನ್ನಿ ಅಂದರು. ಮುಟ್ಟು ನಿಂತವರಲ್ಲಿ ನೋಡಬೇಕಾದ ಜಾಗ ಒಳಗೆ ಸರಿದಿರುತ್ತಂತೆ, ಅತ್ತೆಯದು ಪೂರ್ತಿ ಕಾಣಲಿಲ್ಲ. ಜಿಲ್ಲಾಸ್ಪತ್ರೆಯಲ್ಲಿ ಪ್ಯಾಪ್ ಟೆಸ್ಟ್ (ಗರ್ಭಕೋಶದ ಬಾಯಿಂದ ಜೀವಕೋಶ ತೆಗೆದು ಲ್ಯಾಬಿನಲ್ಲಿ ನೋಡೋದು) ಮಾಡಿಸಿ ಅಂತ ಚೀಟಿ ಬರೆದರು.

ಬರುವಾಗ ಪಕ್ಕದ ಮನೆಯವರು ಎಲ್ಲಿಗೆ ಹೋಗಿದ್ರಿ ಅಂದರು. "ಬಿಪಿ ನೋಡಿಸೋಕೆ" ಅಂದುಬಿಟ್ಟರು ಅತ್ತೆ! ನನಗೆ ರೇಗಿತು. ಆದರೆ ರಾತ್ರಿ ತಂಗಿಗೆ ಫೋನ್ ಮಾಡಿ ಹೇಳ್ತಿದ್ದರು, "ನೋವೇನಿಲ್ಲ ಕಣೇ, ನೀನೂ ಹೋಗು. ಜೊತೆಗೆ ಸೊಸೇನ ಕರ್ಕೊಂಡ್ಹೋಗು, ಬಾಗಿಲು ಕಾಯೋಕೆ."