ತುಕ್ಕು ಹಿಡಿದ ಜೀಪ್ ಪಿಕಪ್ ರೆಡಿ ಮಾಡೋಕೆ ಎಲ್ಲಿಂದ ಶುರು ಮಾಡಬೇಕು?

ನಮ್ಮ ಹಳೇ ಪಿಕಪ್ ನೋಡಿದವರೆಲ್ಲ ಸುತ್ತಿ ಬಳಸಿ ಒಂದೇ ಪ್ರಶ್ನೆಗೆ ಬರುತ್ತಾರೆ. "ನಮ್ಮಲ್ಲೂ ಅಜ್ಜನ ಕಾಲದ ಜೀಪೊಂದು ಕೊಟ್ಟಿಗೆ ಪಕ್ಕ ನಿಂತಿದೆ. ಪೂರ್ತಿ ತುಕ್ಕು. ರೆಡಿ ಮಾಡಿಸಬಹುದಾ? ಮೊದಲು ಇಂಜಿನ್ ಕೆಲಸ ಮಾಡಿಸಬೇಕಾ?" ಪೆಟ್ರೋಲ್ ಬಂಕಿನಲ್ಲಿ ಕೇಳಿದವರಿಗೆ ಎರಡು ಮಾತಿನಲ್ಲಿ ಹೇಳಿ ಬಂದಿದ್ದೇನೆ. ಇಲ್ಲಿ ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ಮಾಡಿಸಬಹುದು. ಆದರೆ ಇಂಜಿನ್ನಿಂದ ಶುರು ಮಾಡಬೇಡಿ. ಮೊದಲು ಚಾಸಿ, ಅಂದರೆ ಇಡೀ ಗಾಡಿಯನ್ನು ಹೊರುವ ಕಬ್ಬಿಣದ ಚೌಕಟ್ಟು. ಅದರ ಜೊತೆಗೇ ಆರ್‌ಸಿ. ಆಮೇಲೆ ಬ್ರೇಕು. ಅದಾದ ಮೇಲೆ ಇಂಜಿನ್ನಿನ ಸರದಿ. ಪೇಂಟ್ ಎಲ್ಲಕ್ಕಿಂತ ಕೊನೆಗೆ.

ಈ ಕ್ರಮ ತಪ್ಪಿದ ಗಾಡಿಗಳನ್ನು ನಮ್ಮ ಸಕಲೇಶಪುರದ ಕಡೆ ಬೇಕಾದಷ್ಟು ನೋಡಿದ್ದೇನೆ. ಇಂಜಿನ್ ಬೋರ್ ಮಾಡಿಸಿ, ಹೊಸ ಪಿಸ್ಟನ್ ಹಾಕಿಸಿರುತ್ತಾರೆ. ಒಂದು ದಿನ ಸ್ಟಾರ್ಟ್ ಆಗುತ್ತದೆ, ಮನೆಮಂದಿಗೆಲ್ಲ ಖುಷಿ. ಅಷ್ಟು ಹೊತ್ತಿಗೆ ಕೈಯಲ್ಲಿದ್ದ ದುಡ್ಡು ಮುಗಿದಿರುತ್ತದೆ. ಆಮೇಲೆ ಟಿಂಕರ್ ಬಂದು ಕೆಳಗೆ ಇಣುಕಿ, ಇದರ ಚಾಸಿಯೇ ಹೋಗಿದೆಯಲ್ಲ ಅನ್ನುತ್ತಾನೆ. ಗಾಡಿ ಮತ್ತೆ ಕೊಟ್ಟಿಗೆ ಪಕ್ಕ ನಿಲ್ಲುತ್ತದೆ. ಇಂಜಿನ್, ಗೇರ್ ಬಾಕ್ಸ್, ಆಕ್ಸಲ್ ಎಲ್ಲ ಹುಡುಕಿದರೆ ಸಿಗುತ್ತವೆ. ನಿಮ್ಮ ಆರ್‌ಸಿಯಲ್ಲಿರೋ ನಂಬರಿನ ಚಾಸಿ ಮಾತ್ರ ಇನ್ನೊಂದು ಸಿಗುವುದಿಲ್ಲ.

ನಮ್ಮದು ಮಹೀಂದ್ರಾ ಎಫ್‌ಸಿ-150. ಅಮೆರಿಕದ ವಿಲ್ಲಿಸ್ ಕಂಪನಿ 1956ರ ಕೊನೆಗೆ ತಂದ ಫೋರ್‌ವೀಲ್ ಪಿಕಪ್ ಇದು. ರೂಪ ಕೊಟ್ಟವರು ಬ್ರೂಕ್ಸ್ ಸ್ಟೀವನ್ಸ್. ಅಮೆರಿಕದಲ್ಲಿ 60ರ ದಶಕದ ಮಧ್ಯದಲ್ಲಿ ನಿಂತ ಮೇಲೂ ಇಲ್ಲಿ ಮಹೀಂದ್ರಾದವರು ಮುಂದುವರಿಸಿದರು. ಜೀಪಿನ ಹಾಗೆ ಮುಂದೆ ಉದ್ದ ಬಾನೆಟ್ ಇಲ್ಲ. ಡ್ರೈವರ್ ಮುಂದಿನ ಚಕ್ರದ ಮೇಲೇ ಕೂರುತ್ತಾನೆ, ಇಂಜಿನ್ ಪಕ್ಕದಲ್ಲೇ ಇರುತ್ತದೆ. ವೀಲ್‌ಬೇಸ್ ಬರೀ 81 ಇಂಚು, ಆದರೂ ಹಿಂದೆ ಸಾಮಾನು ತುಂಬಲು ಆರಡಿ ಉದ್ದದ ತೊಟ್ಟಿ. ತೋಟದ ಕಿರಿದಾದ ತಿರುವಿನಲ್ಲಿ ಇಷ್ಟು ಸಲೀಸಾಗಿ ತಿರುಗುವ ಇನ್ನೊಂದು ಪಿಕಪ್ ನಾನು ಕಂಡಿಲ್ಲ. ಅಜ್ಜ ತಂದ ಗಾಡಿ. ನಂಬರ್ ಮೈಸೂರು ರಾಜ್ಯದ ಕಾಲದ್ದು, ಎಂವೈ ಅಂತ ಶುರುವಾಗುತ್ತದೆ.

ಈಗ ಚಾಸಿಗೆ ಬರೋಣ. ಗಾಡಿ ಎತ್ತಿ, ನಾಲ್ಕೂ ಕಡೆ ಗಟ್ಟಿ ಸ್ಟ್ಯಾಂಡ್ ಕೊಡಿ. ಬರೀ ಜಾಕ್ ನಂಬಿ ಯಾರೂ ಕೆಳಗೆ ಮಲಗಬಾರದು. ಮಣ್ಣು ತೊಳೆದು ಒಣಗಲು ಬಿಡಿ. ಆಮೇಲೆ ಸಣ್ಣ ಸುತ್ತಿಗೆ ಹಿಡಿದು ಒಂದು ತುದಿಯಿಂದ ಬಡಿಯುತ್ತಾ ಬನ್ನಿ. ಗಟ್ಟಿ ಕಬ್ಬಿಣ ಟಣ್ ಅನ್ನುತ್ತದೆ. ತುಕ್ಕು ತಿಂದ ಜಾಗ ದಬ್ ಅನ್ನುತ್ತದೆ. ದಬ್ ಅಂದಲ್ಲಿ ಸೀಮೆಸುಣ್ಣದ ಗುರುತು ಹಾಕಿ, ಸ್ಕ್ರೂ ಡ್ರೈವರ್ ತುದಿಯಿಂದ ಚುಚ್ಚಿ ನೋಡಿ. ಒಳಗೆ ಹೋದರೆ ಅಷ್ಟು ಭಾಗ ಕತ್ತರಿಸಿ ಹೊಸದು ಹಾಕಬೇಕು. ಮೇಲೆ ಪದರ ಪದರ ಎದ್ದರೂ ಒಳಗೆ ಟಣ್ ಅಂದರೆ ಹೆದರಬೇಡಿ, ಅದು ಉಳಿಯುವ ಕಬ್ಬಿಣ. ಪ್ಲೇಟ್ ಕಟ್ಟಿನ (ಲೀಫ್ ಸ್ಪ್ರಿಂಗ್) ಹ್ಯಾಂಗರ್ ಕೂರುವ ಜಾಗ, ಅಡ್ಡ ಪಟ್ಟಿಗಳು ಚಾಸಿಗೆ ಸೇರುವ ಮೂಲೆ, ಎರಡು ತಗಡು ಒಂದರ ಮೇಲೊಂದು ಕೂತು ಮಣ್ಣು ತುಂಬಿಕೊಳ್ಳುವ ಸಂದು, ಇವನ್ನು ಜಾಸ್ತಿ ನೋಡಿ.

ನಮ್ಮ ಗಾಡಿಯಲ್ಲಿ ಒಂದು ವಿಚಿತ್ರ ಕಂಡಿತು. ತೊಟ್ಟಿಯ ಬಲಗಡೆ ಹಿಂದಿನ ಮೂಲೆ, ಅದರ ಕೆಳಗಿನ ಅಡ್ಡ ಪಟ್ಟಿ, ಎರಡೂ ಜರಡಿ ಹಿಡಿದ ಹಾಗೆ ತೂತು. ಎಡಗಡೆ ಮೂಲೆ ಮಾತ್ರ ಗಟ್ಟಿ. ಮಳೆ ಎರಡೂ ಕಡೆ ಒಂದೇ ಥರ ಬಿದ್ದಿರುತ್ತದೆ, ಅಲ್ವಾ? ಚಿಕ್ಕಪ್ಪ ನೋಡಿದ ತಕ್ಷಣ ಹೇಳಿದರು: "ಅದು ಮಳೆ ಕೆಲಸ ಅಲ್ಲ ಕಣೋ, ಮೈಲುತುತ್ತದ್ದು. ಡ್ರಮ್ ಆ ಮೂಲೆಯಲ್ಲೇ ಇಡ್ತಿದ್ವಿ." ಮೈಲುತುತ್ತ ಅಂದರೆ ತಾಮ್ರದ ಸಲ್ಫೇಟ್. ಅದಕ್ಕೆ ಸುಣ್ಣ ಬೆರೆಸಿದರೆ ಕೊಳೆರೋಗದ ಔಷಧಿ ಬೋರ್ಡೋ. ಅಡಿಕೆಗೆ, ಕಾಫಿಗೆ ಬೋರ್ಡೋ ಹೊಡೆಯುವ ಕಾಲದಲ್ಲಿ ಕರಗಿಸಿದ ಮೈಲುತುತ್ತ ಅಲ್ಲಿ ತುಳುಕಿ ತುಳುಕಿ ಇಳಿದಿತ್ತು.

ತೋಟದವರಿಗೆಲ್ಲ ಗೊತ್ತಿರುವ ಪರೀಕ್ಷೆ ಒಂದಿದೆ. ಬೋರ್ಡೋ ದ್ರಾವಣ ಸರಿ ಆಗಿದೆಯಾ ನೋಡಲು ತಿಕ್ಕಿದ ಕತ್ತಿ ಅದ್ದುತ್ತೇವೆ. ಕತ್ತಿ ಕೆಂಪಗಾದರೆ ಸುಣ್ಣ ಸಾಲದು ಅಂತ ಅರ್ಥ. ಆ ಕೆಂಪು ಬಣ್ಣ ತಾಮ್ರದ್ದು. ತಾಮ್ರ ಬಂದು ಕಬ್ಬಿಣದ ಮೇಲೆ ಕೂರುತ್ತದೆ, ಅಷ್ಟೇ ಕಬ್ಬಿಣ ಕರಗಿ ನೀರಿಗೆ ಹೋಗುತ್ತದೆ. ಮಗಳು ಒಂದು ಲೋಟದಲ್ಲಿ ಮೈಲುತುತ್ತದ ನೀರು ಮಾಡಿ ಹೊಸ ಮೊಳೆ ಹಾಕಿಟ್ಟಳು. ಸ್ವಲ್ಪ ಹೊತ್ತಿಗೇ ಮೊಳೆಯ ಮೇಲೆ ಕೆಂಪು ಪದರ ಬಂತು. ಬೆರಳಲ್ಲಿ ಒರೆಸಿದರೆ ಅದು ಬಂದುಬಿಡುತ್ತದೆ, ಕೆಳಗಿನ ಮೊಳೆ ಒರಟಾಗಿರುತ್ತದೆ. ನಮ್ಮ ತೊಟ್ಟಿಯ ಮೂಲೆಯಲ್ಲಿ ವರ್ಷಾನುಗಟ್ಟಲೆ ನಡೆದದ್ದು ಇದೇ. ಪೊಟ್ಯಾಷ್ ಗೊಬ್ಬರವೂ ಕಮ್ಮಿಯಲ್ಲ. ಅದೂ ಉಪ್ಪಿನ ಜಾತಿಯೇ, ತೇವ ಹಿಡಿದಿಟ್ಟುಕೊಂಡು ತುಕ್ಕು ಹೆಚ್ಚಿಸುತ್ತದೆ. ಹಾಗಾಗಿ ನಿಮ್ಮ ಗಾಡಿ ಏನು ಹೊತ್ತಿತ್ತು ಅಂತ ಮನೆಯ ಹಿರಿಯರನ್ನು ಕೇಳಿ. ಎಲ್ಲಿ ಹುಡುಕಬೇಕು ಅಂತ ಅವರೇ ಹೇಳುತ್ತಾರೆ.

ಈ ಕೆಲಸವನ್ನು ಮನೆಯವರೆಲ್ಲ ಸೇರಿ ಮಾಡಬೇಕು ಅಂತ ನಾನು ಹೇಳುವುದು ಬರೀ ಖುಷಿಗಲ್ಲ. ಹಳೇ ಗಾಡಿಯ ಅರ್ಧ ಮಾಹಿತಿ ಮನೆಯವರ ತಲೆಯಲ್ಲೇ ಇರುತ್ತದೆ. ಅಣ್ಣ ಟಿಂಕರ್ ಜೊತೆ ನಿಂತು ಕತ್ತರಿಸುವುದು, ಬೆಸೆಯುವುದು ನೋಡಿಕೊಂಡ. ಅಮ್ಮ ಬಿಚ್ಚಿದ ಪ್ರತಿ ನಟ್ಟು ಬೋಲ್ಟನ್ನು ಖಾಲಿ ಉಪ್ಪಿನಕಾಯಿ ಬಾಟಲಿಗಳಲ್ಲಿ ಹಾಕಿ ಚೀಟಿ ಅಂಟಿಸಿದರು: "ಎಡ ಬಾಗಿಲು, ಮೇಲಿನ ಕೀಲು", "ತೊಟ್ಟಿ ಹಿಂದಿನ ಹಲಗೆ". ಆ ಬಾಟಲಿಗಳು ಇಲ್ಲದಿದ್ದರೆ ಜೋಡಿಸುವಾಗ ನಾವು ದಿಕ್ಕು ತಪ್ಪುತ್ತಿದ್ದೆವು. ಬಿಚ್ಚುವ ಮೊದಲು ಪ್ರತಿ ಭಾಗದ ಫೋಟೋ ತೆಗೆಯುವ ಕೆಲಸ ಮಗಳದ್ದು.

ಸಣ್ಣ ಸಾಮಾನುಗಳ ತುಕ್ಕು ಬಿಡಿಸೋಕೆ ಅವಳಿಗೆ ಇನ್ನೊಂದು ಕೆಲಸ ಕೊಟ್ಟೆವು. ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ನೀರು, ಅದಕ್ಕೆ ಬಟ್ಟೆ ಸೋಡಾ. ಬ್ಯಾಟರಿ ಚಾರ್ಜರಿನ ಮೈನಸ್ ತಂತಿ ತುಕ್ಕಿನ ಸಾಮಾನಿಗೆ, ಪ್ಲಸ್ ತಂತಿ ಒಂದು ಬೇಡದ ಕಬ್ಬಿಣದ ತುಂಡಿಗೆ. ಎರಡೂ ಒಂದಕ್ಕೊಂದು ತಾಗಬಾರದು. ರಾತ್ರಿ ಬೆಳಗಾಗುವುದರಲ್ಲಿ ತುಕ್ಕು ಸಡಿಲವಾಗಿ, ಬ್ರಷ್ಷಿನಲ್ಲಿ ಉಜ್ಜಿದರೆ ಕಪ್ಪು ಪುಡಿಯಾಗಿ ಬರುತ್ತದೆ. ಒಳ್ಳೆ ಕಬ್ಬಿಣ ಸವೆಯುವುದಿಲ್ಲ. ಸ್ಟೀಲಿನ ಚಮಚ ತಟ್ಟೆ ಮಾತ್ರ ಪ್ಲಸ್‌ಗೆ ಕಟ್ಟಬೇಡಿ. ಅದರೊಳಗಿನ ಕ್ರೋಮಿಯಂ ವಿಷವಾಗಿ ನೀರಿಗೆ ಬಿಡುತ್ತದೆ. ಹೈಡ್ರೋಜನ್ ಅನಿಲವೂ ಬರುತ್ತದೆ, ಹಾಗಾಗಿ ಅಂಗಳದಲ್ಲೇ ಮಾಡಿ, ಹತ್ತಿರ ಬೆಂಕಿ ಬೇಡ. ಚಾರ್ಜರ್ ಹಾಕುವುದು, ತೆಗೆಯುವುದು ದೊಡ್ಡವರ ಕೆಲಸ.

ಮಕ್ಕಳನ್ನು ದೂರ ಇಡಲೇಬೇಕಾದ ಎರಡು ಜಾಗ ಇವೆ. ಒಂದು ಹಳೇ ಬ್ರೇಕ್ ಡ್ರಮ್. ಆ ಕಾಲದ ಲೈನರುಗಳಲ್ಲಿ ಕಲ್ನಾರು (ಆಸ್ಬೆಸ್ಟಾಸ್) ಇರುತ್ತಿತ್ತು, ಅದರ ಧೂಳು ಶ್ವಾಸಕೋಶಕ್ಕೆ ಅಪಾಯ. ಆ ಧೂಳನ್ನು ಕಂಪ್ರೆಸರ್ ಗಾಳಿಯಲ್ಲಿ ಊದುವುದು ತುಂಬಾ ಗ್ಯಾರೇಜುಗಳಲ್ಲಿ ಈಗಲೂ ನಡೆಯುತ್ತದೆ. ದಯವಿಟ್ಟು ಮಾಡಬೇಡಿ. ಒಳ್ಳೆ ಮಾಸ್ಕ್ ಹಾಕಿ, ನೀರು ಚಿಮುಕಿಸಿ ಒದ್ದೆ ಬಟ್ಟೆಯಲ್ಲಿ ಒರೆಸಿ, ಆ ಬಟ್ಟೆಯನ್ನು ಕವರಿನಲ್ಲಿ ಕಟ್ಟಿ ಬಿಸಾಡಿ. ಇನ್ನೊಂದು ಪೆಟ್ರೋಲ್ ಟ್ಯಾಂಕ್. ವರ್ಷಗಟ್ಟಲೆ ಖಾಲಿ ಇದ್ದರೂ ಒಳಗೆ ಆವಿ ಉಳಿದಿರಬಹುದು. ಅದಕ್ಕೆ ವೆಲ್ಡಿಂಗ್ ಕಿಡಿ ತಾಗಿದರೆ ಸಿಡಿಯುತ್ತದೆ. ನಾವು ಹಳೇದನ್ನು ರಿಪೇರಿ ಮಾಡಿಸದೆ ಹೊಸದೇ ಮಾಡಿಸಿದೆವು.

ಕೊಳೆತ ಭಾಗ ಕತ್ತರಿಸಿದ ಮೇಲೆ ಅದೇ ದಪ್ಪದ ಪ್ಲೇಟ್ ಹಾಕಿ ಬೆಸೆಯಬೇಕು. ತುಕ್ಕಿನ ಮೇಲೇ ತೇಪೆ ಹಾಕಿದರೆ ಒಳಗೆ ತಿನ್ನುವುದು ನಿಲ್ಲುವುದಿಲ್ಲ. ರೆಡ್ ಆಕ್ಸೈಡ್ ಒಂದನ್ನೇ ಬಳಿದು ಬಿಡಬೇಡಿ, ಅದು ನೀರನ್ನು ಪೂರ್ತಿ ತಡೆಯುವುದಿಲ್ಲ. ಎಪಾಕ್ಸಿ ಪ್ರೈಮರ್ ದುಬಾರಿ, ಆದರೆ ಮಲೆನಾಡಿನ ಮಳೆಗೆ ಅದೇ ಸರಿ. ಚಾಸಿಯ ಒಳಗಡೆಗೆ ವ್ಯಾಕ್ಸ್ ಹೊಡೆಸಿ. ನೀರು ಇಳಿಯುವ ತೂತುಗಳನ್ನು ಪೇಂಟ್ ಮುಚ್ಚದ ಹಾಗೆ ನೋಡಿಕೊಳ್ಳಿ.

ಅಂದ ಹಾಗೆ, ಚಕ್ರ ಬಿಚ್ಚುವಾಗ ಒಂದು ವಿಷಯ. ಹಳೇ ವಿಲ್ಲಿಸ್ ಜೀಪುಗಳಲ್ಲಿ ಎಡಗಡೆ ಚಕ್ರದ ನಟ್ಟುಗಳು ಎಡ ಥ್ರೆಡ್ಡಿನವು, ಉಲ್ಟಾ ತಿರುಗಿಸಬೇಕು. ಇದು ಗೊತ್ತಿಲ್ಲದೆ ಪಾನಾಕ್ಕೆ ಪೈಪ್ ಸಿಕ್ಕಿಸಿ ತಿರುಗಿಸಿ, ಬೋಲ್ಟ್ ಮುರಿದವರು ತುಂಬಾ ಜನ ಇದ್ದಾರೆ.

ಆರ್‌ಸಿ ಕೆಲಸ ಚಾಸಿ ಕೆಲಸದ ಜೊತೆಗೇ ಶುರುವಾಗಬೇಕು ಅಂದೆ. ಗ್ರೈಂಡರ್ ಹಚ್ಚುವ ಮೊದಲು ಚಾಸಿ ನಂಬರ್ ಎಲ್ಲಿದೆ ಹುಡುಕಿ. ಕಾಗದ ಇಟ್ಟು ಪೆನ್ಸಿಲ್ ಉಜ್ಜಿ ಚಾಸಿ ಪ್ರಿಂಟ್ ತೆಗೆದಿಡಿ. ಆ ಜಾಗವನ್ನು ಕೈಯಲ್ಲೇ ಸ್ವಚ್ಛ ಮಾಡಿ. ನಂಬರ್ ಅಳಿಸಿಹೋದರೆ ಗಾಡಿ ಎಷ್ಟೇ ಚೆನ್ನಾಗಿದ್ದರೂ ಆರ್‌ಟಿಒ ಮುಂದೆ ಕಷ್ಟ. ಮಾಲೀಕರು ತೀರಿಕೊಂಡಿದ್ದರೆ ಫಾರಂ 31ರಲ್ಲಿ ಹೆಸರು ಬದಲಾಯಿಸಬೇಕು, ಉಳಿದ ವಾರಸುದಾರರ ಒಪ್ಪಿಗೆಯೂ ಬೇಕಾಗುತ್ತದೆ. ನಮ್ಮಲ್ಲಿ ಅತ್ತೆಯಂದಿರ ಸಹಿಗೆ ಹೋದಾಗ ದೊಡ್ಡತ್ತೆ ಪೆನ್ನು ಹಿಡಿದೇ ಕೇಳಿದರು: "ಸಹಿ ಹಾಕ್ತೀನಿ. ಮಾರೋದಿಲ್ಲ ತಾನೇ?" ಮಾರುವುದಿಲ್ಲ ಅಂತ ಮಾತು ಕೊಟ್ಟೆವು. ಆಸ್ತಿಯ ವಿಷಯದ ಹಾಗೆ ಇದನ್ನೂ ಮೊದಲೇ ಕೂತು ಮಾತಾಡಿಕೊಳ್ಳಿ. ಗಾಡಿ ಮಿಂಚತೊಡಗಿದ ಮೇಲೆ ಯಾರದ್ದು ಅನ್ನುವ ಮಾತು ಬರಬಾರದು.

ಇನ್ನು ಎಲ್ಲರೂ ಕೇಳುವ ಉಪಪ್ರಶ್ನೆ: ಡೀಸೆಲ್ ಇಂಜಿನ್ ಹಾಕಬಹುದಾ? ಕಬ್ಬಿಣದ ಲೆಕ್ಕದಲ್ಲಿ ಕೂರುತ್ತದೆ. ಕಾನೂನಿನ ಲೆಕ್ಕ ಬೇರೆ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಕಂಪನಿ ಕೊಟ್ಟ ಮೂಲ ವಿವರಕ್ಕಿಂತ ಆರ್‌ಸಿ ವಿವರ ಬೇರೆಯಾಗುವಂತೆ ಗಾಡಿ ಬದಲಾಯಿಸುವ ಹಾಗಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಎತ್ತಿಹಿಡಿಯಿತು. 2021ರ ಜುಲೈನಲ್ಲಿ ವಿಂಟೇಜ್ ಗಾಡಿಗಳ ನಿಯಮ ಬಂತು. 50 ವರ್ಷ ದಾಟಿದ, ಮೂಲ ರೂಪದಲ್ಲೇ ಇರುವ ಗಾಡಿಗೆ ಅದು ಅನ್ವಯ. ಹೊಸ ನೋಂದಣಿಗೆ 20,000 ರೂಪಾಯಿ, ಹತ್ತು ವರ್ಷದ ಅವಧಿ. ಆದರೆ ಅದರಲ್ಲಿ ದಿನನಿತ್ಯದ ಓಡಾಟಕ್ಕೆ ಅವಕಾಶ ಇಲ್ಲ, ಪ್ರದರ್ಶನ, ರ‍್ಯಾಲಿ, ರಿಪೇರಿ ಇಂಥದ್ದಕ್ಕೆ ಮಾತ್ರ. ನಮಗೆ ತೋಟಕ್ಕೆ, ಸಂತೆಗೆ ಹೋಗುವ ಗಾಡಿ ಬೇಕಿತ್ತು. ಅದಕ್ಕೇ ಮಾಮೂಲಿ ಆರ್‌ಸಿಯನ್ನೇ ನವೀಕರಿಸಿದೆವು, ಇಂಜಿನ್ ಅದೇ ಪೆಟ್ರೋಲ್ ಇಂಜಿನ್ ಉಳಿಸಿಕೊಂಡೆವು. ನಾನು ಎಲ್ಲರಿಗೂ ಹೇಳುವುದೂ ಇದನ್ನೇ.

ಹಾಗಾದರೆ ಹೊಸದೇನು ಹಾಕಬೇಕು? ಮೊದಲನೆಯದು ಬ್ರೇಕು. ಹಳೇ ಮಾಸ್ಟರ್ ಸಿಲಿಂಡರಿನಲ್ಲಿ ನಾಲ್ಕೂ ಚಕ್ರಕ್ಕೆ ಒಂದೇ ಲೈನ್. ಎಲ್ಲೋ ಒಂದು ಕಡೆ ಪೈಪ್ ಒಡೆದರೆ ನಾಲ್ಕೂ ಹೋಯಿತು. ಮುಂದಕ್ಕೆ ಬೇರೆ, ಹಿಂದಕ್ಕೆ ಬೇರೆ ಲೈನ್ ಇರುವ ಡಬಲ್ ಮಾಸ್ಟರ್ ಸಿಲಿಂಡರ್ ಹಾಕಿಸಿ. ಎಫ್‌ಸಿ-150ರ ಭಾರವೆಲ್ಲ ಮುಂದೆ. ಖಾಲಿ ಇದ್ದಾಗ ಜೋರಾಗಿ ಬ್ರೇಕ್ ಹಿಡಿದರೆ ಹಿಂದಿನ ಚಕ್ರಗಳ ಹಿಡಿತ ತಪ್ಪುತ್ತದೆ. ಶಿರಾಡಿ ಘಾಟಿಯಲ್ಲಿ ಖಾಲಿ ಗಾಡಿ ಗುಂಡ್ಯಕ್ಕೆ ಇಳಿಸುವಾಗ ತೊಟ್ಟಿಯ ಹಿಂದುಗಡೆ ಮರಳಿನ ಮೂಟೆ ಹಾಕಿಕೊಳ್ಳುತ್ತಿದ್ದರಂತೆ. ನಾವು ಈಗಲೂ ಹಾಕುತ್ತೇವೆ. ಬ್ರೇಕ್ ಪೈಪುಗಳೆಲ್ಲ ಹೊಸದು. ತುಕ್ಕು ಹಿಡಿದ ಪೈಪನ್ನು ಉಜ್ಜಿ ಹೊಳಪು ಮಾಡಿ ಹಾಕುವವರನ್ನು ನಂಬಬೇಡಿ.

ಆಮೇಲೆ ವೈರಿಂಗ್. ಇಲಿ ಕಡಿದ, ಟೇಪ್ ಸುತ್ತಿದ ಹಳೇ ವೈರ್ ಒಂದೂ ಉಳಿಸಬೇಡಿ, ಫ್ಯೂಸ್ ಸಮೇತ ಹೊಸದಾಗಿ ಎಳೆಸಿ. ಡೈನಮೋ ಬದಲು ಆಲ್ಟರ್ನೇಟರ್. ಸೀಟ್ ಬೆಲ್ಟ್ ಬೇಕೇ ಬೇಕು, ಅದನ್ನು ತೆಳು ತಗಡಿಗೆ ಸಿಕ್ಕಿಸದೆ ಒಳಗಿಂದ ದಪ್ಪ ಪ್ಲೇಟ್ ಕೊಟ್ಟು ಕೂರಿಸಿ. ಇವೆಲ್ಲ ಆರ್‌ಟಿಒ ಇನ್‌ಸ್ಪೆಕ್ಟರಿಗೆ ತೋರಿಸಿ ಕೇಳಿಕೊಂಡೇ ಮಾಡುವುದು ಒಳ್ಳೆಯದು.

ಇಂಜಿನ್ ಬಗ್ಗೆ ಹೆಚ್ಚು ಬರೆಯಬೇಕಾಗಿಲ್ಲ. 2.2 ಲೀಟರಿನ ಹರಿಕೇನ್ ಇಂಜಿನ್ ತುಂಬಾ ಸರಳ. ತಿರುಗದ ಹಾಗೆ ಹಿಡಿದುಕೊಂಡಿದ್ದರೆ ಪ್ಲಗ್ ತೆಗೆದು ಒಳಗೆ ಎಣ್ಣೆ ಬಿಟ್ಟು ಕೆಲವು ದಿನ ಬಿಡಿ. ಆಮೇಲೆ ಕೈಯಲ್ಲೇ ಮೆಲ್ಲಗೆ ತಿರುಗಿಸಿ, ಸೆಲ್ಫ್ ಹೊಡೆಯಬೇಡಿ. ಈಗಿನ ಪೆಟ್ರೋಲಿನಲ್ಲಿ ಶೇ 20ರವರೆಗೆ ಎಥನಾಲ್ ಇರುತ್ತದೆ. ಹಳೇ ರಬ್ಬರ್ ಪೈಪು, ಪಂಪಿನ ಡಯಾಫ್ರಮ್ ಅದಕ್ಕೆ ತಡೆಯುವುದಿಲ್ಲ, ಎಥನಾಲ್ ತಡೆಯುವಂಥವನ್ನೇ ಕೇಳಿ ತನ್ನಿ. ಬಿಡಿ ಭಾಗಗಳಿಗೆ ಬೆಂಗಳೂರಿನ ಜೆ.ಸಿ. ರಸ್ತೆ, ಶಿವಾಜಿನಗರದ ಗುಜರಿ ಸುತ್ತಿ. ಹಳೇ ಭಾಗವನ್ನು ಕೈಯಲ್ಲಿ ಹಿಡಿದೇ ಹೋಗಿ, ಹೆಸರು ಹೇಳಿದರೆ ಬೇರೆ ಜೀಪಿನದ್ದು ಕೊಡುತ್ತಾರೆ.

ಫೋರ್‌ವೀಲ್ ಹಾಕುವುದು ಕೆಸರಿನಲ್ಲಿ, ಸಡಿಲ ಮಣ್ಣಿನಲ್ಲಿ ಮಾತ್ರ. ಒಣಗಿದ ಟಾರ್ ರಸ್ತೆಯಲ್ಲಿ ಹಾಕಿ ತಿರುಗಿಸಿದರೆ ಹಿಂದು ಮುಂದಿನ ಆಕ್ಸಲ್‌ಗಳು ಒಂದನ್ನೊಂದು ಎಳೆದಾಡಿ ಗೇರುಗಳು ಕೆಡುತ್ತವೆ. ಮನೆಯಲ್ಲಿ ಗಾಡಿ ಓಡಿಸುವ ಎಲ್ಲರಿಗೂ ಇದನ್ನು ಹೇಳಿಕೊಡಿ.

ಆಯುಧಪೂಜೆಗೆ ಎಲ್ಲರೂ ಗಾಡಿಯ ಮೇಲ್ಭಾಗ ತೊಳೆಯುತ್ತಾರೆ. ನಾವು ಹಿಂದಿನ ದಿನ ಕೆಳಭಾಗ ತೊಳೆಯುತ್ತೇವೆ, ಮಳೆಗಾಲದ ಮಣ್ಣು ಅಲ್ಲೇ ಕೂತಿರುತ್ತದೆ. ನೀರಿನ ತೂತುಗಳಿಗೆ ತಂತಿ ಹಾಕಿ ಬಿಡಿಸುತ್ತೇವೆ, ಸುತ್ತಿಗೆ ಹಿಡಿದು ಒಂದು ಸುತ್ತು ಬಡಿದು ನೋಡುತ್ತೇವೆ, ಪೇಂಟ್ ಎದ್ದ ಕಡೆ ಉಜ್ಜಿ ಪ್ರೈಮರ್ ಹಚ್ಚುತ್ತೇವೆ. ಮೈಲುತುತ್ತದ ಡ್ರಮ್ ಈಗಲೂ ಇದೇ ಗಾಡಿಯಲ್ಲಿ ಹೋಗುತ್ತದೆ. ಅದರ ಕೆಳಗೆ ದಪ್ಪ ರಬ್ಬರ್ ಹಾಸು ಇದೆ, ತಂದ ದಿನವೇ ತೊಟ್ಟಿಗೆ ಬೇಕಾದಷ್ಟು ನೀರು ಹೊಡೆಯುವುದು ಅಣ್ಣನ ಪಾಲಿನ ಕೆಲಸ.